ಮಣ್ಣು ಪರೀಕ್ಷೆ, ರೈಜೋಬಿಯಂ ಪೊಟ್ಟಣ ಮತ್ತು ನೈಟ್ರೇಟ್ ಪಟ್ಟಿ: ಎರೆಹೊಲದ ಸೋಯಾಬೀನಿನಲ್ಲಿ ಎರಡು ಮುಂಗಾರಿನ ಬಳಕೆಯ ನಂತರ

ಬೈಲಹೊಂಗಲ ತಾಲ್ಲೂಕಿನ ಎರೆಭೂಮಿಯಲ್ಲಿ ನಾಲ್ಕು ಎಕರೆ ಸೋಯಾಬೀನ್ ಬೆಳೆಯುವ ನಾನು ಕಳೆದ ಎರಡು ಮುಂಗಾರುಗಳಲ್ಲಿ ಮೂರು ವಸ್ತುಗಳಿಗೆ ಮೊದಲ ಸಲ ಹಣ ಕೊಟ್ಟೆ. ಒಂದು, ಖಾಸಗಿ ಪ್ರಯೋಗಾಲಯವೊಂದರ ಮಣ್ಣು ಪರೀಕ್ಷೆ. ಇನ್ನೊಂದು, ಸೋಯಾಬೀನಿಗೆಂದೇ ತಯಾರಾದ ರೈಜೋಬಿಯಂ ಜೀವಾಣು ಗೊಬ್ಬರದ ಪೊಟ್ಟಣ; ಬೇರಿನಲ್ಲಿ ಗಂಟು ಕಟ್ಟಿಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಇದು. ಮತ್ತೊಂದು, ನೀರಿನಲ್ಲಿರುವ ನೈಟ್ರೇಟನ್ನು, ಅಂದರೆ ನೀರಿನಲ್ಲಿ ಕರಗಿ ಹರಿಯುವ ಸಾರಜನಕದ ರೂಪವನ್ನು, ಬಣ್ಣದಿಂದ ತೋರಿಸುವ ಪರೀಕ್ಷಾ ಪಟ್ಟಿ. ಮೂರನ್ನೂ ಕೂಡಿಸಿದರೂ ನಾಲ್ಕು ಎಕರೆಗೆ ನಾನು ಪ್ರತಿ ವರ್ಷ ಕೊಳ್ಳುತ್ತಿದ್ದ ಡಿಎಪಿ ರಸಗೊಬ್ಬರದ ಖರ್ಚಿಗಿಂತ ಕಡಿಮೆ ಆಯಿತು. ಇವುಗಳಲ್ಲಿ ಯಾವುದು ಕೊಟ್ಟ ಹಣಕ್ಕೆ ತಕ್ಕ ಕೆಲಸ ಮಾಡಿತು, ಯಾವುದನ್ನು ಎಚ್ಚರದಿಂದ ಬಳಸಬೇಕು ಎಂಬುದನ್ನು ಬೆಳಗಾವಿ, ಧಾರವಾಡ, ಬೀದರ್ ಕಡೆ ಸೋಯಾಬೀನ್ ಬೆಳೆಯುವವರ ಉಪಯೋಗಕ್ಕಾಗಿ ಬರೆದಿಡುತ್ತಿದ್ದೇನೆ.

ಮೊದಲು ನನ್ನ ಹಳೆಯ ಪದ್ಧತಿಯನ್ನು ಹೇಳಬೇಕು, ಏಕೆಂದರೆ ಈ ವಿಮರ್ಶೆಯ ಅಳತೆಗೋಲು ಅದೇ. ಬಿತ್ತುವಾಗ ಎಕರೆಗೆ ಒಂದು ಚೀಲ ಡಿಎಪಿ, ಬೆಳೆ ಮೂವತ್ತು ದಿನಕ್ಕೆ ಬಂದಾಗ ಎಡೆ ಹೊಡೆದು ಒಂದು ಚೀಲ ಯೂರಿಯಾ: ಇದು ನಮ್ಮ ಊರಿನ ಬಹುತೇಕ ಹೊಲಗಳ ಲೆಕ್ಕ. 50 ಕೆಜಿಯ ಡಿಎಪಿ ಚೀಲದಲ್ಲಿ 9 ಕೆಜಿ ಸಾರಜನಕ ಮತ್ತು 23 ಕೆಜಿ ರಂಜಕ ಇರುತ್ತದೆ. 45 ಕೆಜಿಯ ಯೂರಿಯಾ ಚೀಲದಲ್ಲಿ ಸುಮಾರು 21 ಕೆಜಿ ಸಾರಜನಕ ಇರುತ್ತದೆ. ಹೀಗೆ ಎಕರೆಗೆ 30 ಕೆಜಿ ಸಾರಜನಕ ಬೀಳುತ್ತಿತ್ತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಮ್ಮ ಭಾಗದ ಸೋಯಾಬೀನಿಗೆ ಹೇಳುವುದು ಹೆಕ್ಟೇರಿಗೆ 40 ಕೆಜಿ ಸಾರಜನಕ, 80 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್. ಎಕರೆ ಲೆಕ್ಕಕ್ಕೆ ಇಳಿಸಿದರೆ 16, 32 ಮತ್ತು 10 ಕೆಜಿ. ಅಂದರೆ ಸಾರಜನಕವನ್ನು ಹೆಚ್ಚುಕಡಿಮೆ ಎರಡು ಪಟ್ಟು ಸುರಿದು, ಬೆಳೆಗೆ ನಿಜವಾಗಿ ಬೇಕಾದ ರಂಜಕವನ್ನು ಎಕರೆಗೆ 9 ಕೆಜಿಯಷ್ಟು ಕಡಿಮೆ ಕೊಡುತ್ತಿದ್ದೆ. ಇಷ್ಟು ಸರಳವಾದ ಲೆಕ್ಕವನ್ನು ಮಾಡಲು ನನಗೆ ಮಣ್ಣು ಪರೀಕ್ಷೆಯ ವರದಿಯೊಂದು ಕೈಗೆ ಬರಬೇಕಾಯಿತು ಎಂಬುದು ಆ ಸೇವೆಯ ಮೊದಲ ಉಪಕಾರ.

ಮಣ್ಣು ಪರೀಕ್ಷೆಯ ಸೇವೆಯಿಂದಲೇ ಆರಂಭಿಸುತ್ತೇನೆ. ಕೇಂದ್ರ ಸರ್ಕಾರದ ಮಣ್ಣು ಆರೋಗ್ಯ ಚೀಟಿ ಯೋಜನೆ 2015ರಲ್ಲಿ ಬಂದಾಗ ನಮ್ಮ ಮನೆಗೂ ಒಂದು ಚೀಟಿ ಬಂದಿತ್ತು. ಆದರೆ ಆ ಯೋಜನೆಯಲ್ಲಿ ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೊಂದು, ನೀರಾವರಿಗೆ ಎರಡೂವರೆ ಹೆಕ್ಟೇರಿಗೊಂದು ಮಾದರಿ ತೆಗೆಯುವ ನಿಯಮವಿತ್ತಾದ್ದರಿಂದ, ಚೀಟಿಯಲ್ಲಿದ್ದ ಅಂಕಿಗಳು ನನ್ನ ಹೊಲದ್ದೋ ಅಥವಾ ಹಳ್ಳದ ಆಚೆಯ ಹೊಲದ್ದೋ ಎಂಬುದು ಸ್ಪಷ್ಟವಿರಲಿಲ್ಲ. ಇಳಿಜಾರಿನ ಮೇಲ್ಭಾಗದ ಮಸಾರಿ ಮಿಶ್ರಿತ ಮಣ್ಣಿಗೂ ಹಳ್ಳದ ದಂಡೆಯ ಆಳವಾದ ಎರೆಗೂ ಒಂದೇ ಶಿಫಾರಸು ಸರಿಹೊಂದುವುದಿಲ್ಲ. ಹಾಗಾಗಿ ಸ್ವಂತ ಖರ್ಚಿನಲ್ಲಿ ಎರಡು ಭಾಗಗಳಿಂದ ಬೇರೆಬೇರೆ ಮಾದರಿ ಕೊಡಲು ನಿರ್ಧರಿಸಿದೆ.

ಈ ಸೇವೆಯಲ್ಲಿ ಗ್ರಾಹಕನ ಪಾಲಿನ ಕೆಲಸವೇ ಅರ್ಧದಷ್ಟಿದೆ, ಅದನ್ನು ಕೆಡಿಸಿಕೊಂಡರೆ ಎಂಥ ಯಂತ್ರವಿದ್ದರೂ ಫಲವಿಲ್ಲ. ಬದು, ಮರದ ನೆರಳು, ತಿಪ್ಪೆ ಹಾಕಿದ ಜಾಗ ಇವನ್ನು ಬಿಟ್ಟು, ಹಾವು ಹರಿದಂತೆ ಓರೆಕೋರೆಯಾಗಿ ನಡೆದು, ಎಂಟು ಹತ್ತು ಕಡೆ ಆರು ಇಂಚು ಆಳದ ಗುಂಡಿ ತೋಡಿ, ಗುಂಡಿಯ ಒಂದು ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೂ ಸಮನಾದ ಪದರವನ್ನು ಕೆರೆದು ತೆಗೆದು, ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕೆಜಿಗೆ ಇಳಿಸಿ, ನೆರಳಿನಲ್ಲಿ ಒಣಗಿಸಿ ಬಟ್ಟೆಯ ಚೀಲದಲ್ಲಿ ಕೊಟ್ಟೆ. ಗೊಬ್ಬರದ ಖಾಲಿ ಚೀಲದ ಮೇಲೆ ಮಣ್ಣು ಹರಡಿ ಒಣಗಿಸುವವರನ್ನು ನಾನು ನೋಡಿದ್ದೇನೆ. ಅಂಥ ಮಾದರಿಯಲ್ಲಿ ಗೊಬ್ಬರವೇ ಪರೀಕ್ಷೆಯಾಗುತ್ತದೆ, ಹೊಲವಲ್ಲ.

ಪ್ರಯೋಗಾಲಯದ ಮೇಲೆ ನನಗಿರುವ ಮುಖ್ಯ ಆಕ್ಷೇಪಣೆ ಸಮಯದ್ದು. ಮೇ ತಿಂಗಳ ಮಧ್ಯದಲ್ಲಿ ಕೊಟ್ಟ ಮಾದರಿಯ ವರದಿ ಹತ್ತು ದಿನದಲ್ಲಿ ಬರುತ್ತದೆ ಎಂದು ಹೇಳಿದ್ದರೂ ಮೊದಲ ವರ್ಷ ಅದು ಕೈಗೆ ಬಂದದ್ದು ಮೃಗಶಿರಾ ಮಳೆಗೆ ಕೂರಿಗೆ ಹೂಡಿ ಆದ ಮೇಲೆ. ರಂಜಕವನ್ನು ಬಿತ್ತುವಾಗಲೇ ಬೀಜದ ಕೆಳಗೆ ಬೀಳಿಸಬೇಕು. ಮೇಲೆ ಚೆಲ್ಲಿದರೆ ಅದು ಮಣ್ಣಿನಲ್ಲಿ ಇಳಿಯುವುದಿಲ್ಲ. ಹೀಗಾಗಿ ಮೊದಲ ವರ್ಷದ ವರದಿಯ ಅತ್ಯಂತ ಉಪಯುಕ್ತ ಸಾಲು ಆ ವರ್ಷ ಉಪಯೋಗಕ್ಕೆ ಬರಲಿಲ್ಲ. ಮಾದರಿಯನ್ನು ಹಿಂಗಾರು ಬೆಳೆ ಕೊಯ್ದ ಕೂಡಲೇ, ಅಂದರೆ ಫೆಬ್ರುವರಿ ಅಥವಾ ಮಾರ್ಚಿನಲ್ಲಿ ಕೊಡುವುದು ಒಳ್ಳೆಯದು. ಆಗ ಪ್ರಯೋಗಾಲಯದ ಮೇಲೂ ಒತ್ತಡ ಇರುವುದಿಲ್ಲ.

ವರದಿಯಲ್ಲಿ ಹನ್ನೆರಡು ಅಂಶಗಳಿದ್ದವು: ರಸಸಾರ (pH), ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಎರೆಮಣ್ಣಿನ ಸ್ವಭಾವದಂತೆ ಪೊಟ್ಯಾಷ್ ಹೆಚ್ಚು, ರಸಸಾರ 8ರ ಮೇಲೆ, ಸಾವಯವ ಇಂಗಾಲ ಶೇಕಡ 0.5ಕ್ಕಿಂತ ಕೆಳಗೆ. ಗಂಧಕ ಮತ್ತು ಸತು ಎರಡೂ ಕೊರತೆಯ ಗಡಿಯ ಕೆಳಗಿದ್ದವು. ಗಂಧಕಕ್ಕೆ ಆ ಗಡಿ ಹತ್ತು ಲಕ್ಷದಲ್ಲಿ 10 ಭಾಗ, ಸತುವಿಗೆ 0.6. ಸೋಯಾಬೀನ್ ಕಾಳಿನಲ್ಲಿ ಸುಮಾರು ಶೇಕಡ 40 ಸಸಾರಜನಕ (ಪ್ರೋಟೀನ್) ಮತ್ತು ಶೇಕಡ 20 ಎಣ್ಣೆ ಇರುವುದರಿಂದ, ಎರಡಕ್ಕೂ ಬೇಕಾದ ಗಂಧಕವಿಲ್ಲದೆ ಬರಿಯ ಸಾರಜನಕ ಹಾಕುತ್ತಾ ಹೋದದ್ದು ಎಷ್ಟು ದೊಡ್ಡ ತಪ್ಪು ಎಂಬುದು ಈ ಎರಡು ಸಾಲುಗಳಿಂದ ಗೊತ್ತಾಯಿತು. ಎರಡನೆಯ ವರ್ಷ ಡಿಎಪಿಯನ್ನು ಬಿಟ್ಟು ಎಕರೆಗೆ ನಾಲ್ಕು ಚೀಲ ಸಿಂಗಲ್ ಸೂಪರ್ ಫಾಸ್ಫೇಟ್ ಕೊಟ್ಟೆ. ಅದರಲ್ಲಿ ಶೇಕಡ 16 ರಂಜಕದ ಜೊತೆಗೆ ಶೇಕಡ 11ರಷ್ಟು ಗಂಧಕವೂ ಸುಣ್ಣಾಂಶವೂ ಇರುವುದರಿಂದ 32 ಕೆಜಿ ರಂಜಕದ ಲೆಕ್ಕ ಮುಗಿಯುವಾಗ 22 ಕೆಜಿ ಗಂಧಕ ತಾನಾಗಿಯೇ ಬಿದ್ದಿರುತ್ತದೆ. ನಾಲ್ಕು ಚೀಲ ಹೊರುವುದು, ಕೂರಿಗೆಯಲ್ಲಿ ಬಿಡುವುದು ಒಂದು ಚೀಲ ಡಿಎಪಿಗಿಂತ ಬಹಳ ಕಷ್ಟದ ಕೆಲಸ, ಕೂಲಿ ಹೆಚ್ಚುತ್ತದೆ. ಅದನ್ನು ಮುಚ್ಚಿಡುವುದಿಲ್ಲ.

ಈಗ ವರದಿಯ ಸಾರಜನಕದ ಸಾಲಿಗೆ ಬರುತ್ತೇನೆ. ಈ ಸೇವೆಯ ಅತ್ಯಂತ ದುರ್ಬಲ ಭಾಗ ಅದೇ, ಮತ್ತು ರೈತರು ಅತಿ ಹೆಚ್ಚು ದಾರಿತಪ್ಪುವುದೂ ಅಲ್ಲೇ. ಹೆಕ್ಟೇರಿಗೆ 280 ಕೆಜಿಗಿಂತ ಕೆಳಗಿದ್ದರೆ ಅದು ‘ಕಡಿಮೆ’ ಎಂದು ಮುದ್ರಿತವಾಗುತ್ತದೆ. ನಮ್ಮ ಭಾಗದ ಎರೆಹೊಲಗಳಲ್ಲಿ ಅದು ‘ಕಡಿಮೆ’ ಅಲ್ಲದೆ ಬೇರೇನಾದರೂ ಬಂದದ್ದನ್ನು ನಾನು ನೋಡಿಲ್ಲ. ‘ಕಡಿಮೆ’ ಎಂದ ಕೂಡಲೇ ಗಣಕಯಂತ್ರ ಶಿಫಾರಸಿಗೆ ಇನ್ನಷ್ಟು ಸಾರಜನಕ ಸೇರಿಸಿ ಯೂರಿಯಾದ ಕೆಜಿಗಳಲ್ಲಿ ಬರೆದುಕೊಡುತ್ತದೆ. ಆ ಅಂಕಿ ಮಣ್ಣಿನ ಸಾವಯವ ಅಂಶದಿಂದ ಕಾಲಕ್ರಮೇಣ ಬಿಡುಗಡೆಯಾಗಬಹುದಾದ ಸಾರಜನಕದ ಒಂದು ಅಂದಾಜು ಮಾತ್ರ. ಇಂದು ಹೊಲದಲ್ಲಿ ನೈಟ್ರೇಟ್ ರೂಪದಲ್ಲಿ ಎಷ್ಟಿದೆ, ನಾಳೆಯ ಮಳೆಗೆ ಎಷ್ಟು ಹೋಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಜೋಳಕ್ಕೆ, ಗೋಧಿಗೆ ಈ ಸಾಲನ್ನು ಒಂದು ಮಟ್ಟಿಗೆ ನಂಬಬಹುದು. ಬೇರಿನಲ್ಲಿ ಗಂಟು ಕಟ್ಟಿಕೊಂಡು ಗಾಳಿಯ ಸಾರಜನಕವನ್ನು ತಾನೇ ಹಿಡಿಯುವ ಸೋಯಾಬೀನಿಗೆ ಅದನ್ನು ಹಾಗೆಯೇ ಅನ್ವಯಿಸುವುದು ಸರಿಯಲ್ಲ.

ಲೆಕ್ಕ ಹಾಕಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಒಂದು ಕ್ವಿಂಟಲ್ ಸೋಯಾಬೀನ್ ಕಾಳು ಬೆಳೆಯಲು ಗಿಡ ಒಟ್ಟು ಸುಮಾರು 8 ಕೆಜಿ ಸಾರಜನಕವನ್ನು ಹೀರಬೇಕು. ಎಕರೆಗೆ ಎಂಟು ಕ್ವಿಂಟಲ್ ಬಂದರೆ 64 ಕೆಜಿ. ನಾನು ಹಾಕುತ್ತಿದ್ದ 30 ಕೆಜಿಯೂ, ಶಿಫಾರಸಿನ 16 ಕೆಜಿಯೂ ಅದನ್ನು ತುಂಬಿಸಲಾರವು. ಅದರ ಅರ್ಧ ಅಥವಾ ಅದಕ್ಕಿಂತ ಹೆಚ್ಚು ಭಾಗ ಗಂಟುಗಳಿಂದಲೇ ಬರಬೇಕು. ಬೇರಿನ ಸುತ್ತ ನೈಟ್ರೇಟ್ ಹೇರಳವಾಗಿದ್ದರೆ ಗಿಡ ಗಂಟು ಕಟ್ಟುವ ಶ್ರಮಕ್ಕೇ ಹೋಗುವುದಿಲ್ಲ; ಕಟ್ಟಿದ್ದ ಗಂಟುಗಳೂ ಮಂದವಾಗುತ್ತವೆ. ಮೂವತ್ತನೆಯ ದಿನ, ಗಂಟುಗಳು ಕೆಲಸಕ್ಕೆ ತೊಡಗುವ ಹೊತ್ತಿಗೆ ಸರಿಯಾಗಿ ಒಂದು ಚೀಲ ಯೂರಿಯಾ ಚೆಲ್ಲುವುದು ಅವುಗಳನ್ನು ಕೆಲಸದಿಂದ ಬಿಡಿಸಿದಂತೆ.

ಚೆಲ್ಲಿದ ಯೂರಿಯಾ ಹೋಗುವುದೆಲ್ಲಿಗೆ ಎಂಬ ಪ್ರಶ್ನೆಯೂ ಇದೆ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ. ಅದನ್ನು ಎರೆಮಣ್ಣಿನ ಜೇಡಿಕಣ ಹಿಡಿದಿಟ್ಟುಕೊಳ್ಳುತ್ತದೆ, ಏಕೆಂದರೆ ಕಣದ ಮೈಮೇಲೆ ಋಣ ವಿದ್ಯುದಂಶವಿದೆ, ಅಮೋನಿಯಂ ಮೇಲೆ ಧನಾಂಶವಿದೆ. ಕೆಲವು ದಿನಗಳಲ್ಲಿ ಮಣ್ಣಿನ ಬ್ಯಾಕ್ಟೀರಿಯಾಗಳು ಅಮೋನಿಯಂ ಅನ್ನು ನೈಟ್ರೇಟ್ ಆಗಿ ಪರಿವರ್ತಿಸುತ್ತವೆ. ನೈಟ್ರೇಟಿನ ಮೇಲೆಯೂ ಋಣಾಂಶವೇ ಇರುವುದರಿಂದ ಜೇಡಿ ಅದನ್ನು ಹಿಡಿಯುವುದಿಲ್ಲ. ನೀರು ಹೋದಲ್ಲಿಗೆ ಅದು ಹೋಗುತ್ತದೆ. ಎರೆಮಣ್ಣು ನೀರು ಬಿಡುವುದಿಲ್ಲ, ಹಾಗಾಗಿ ಗೊಬ್ಬರ ಕೆಳಗಿಳಿಯುವುದಿಲ್ಲ ಎಂದು ಹಿರಿಯರು ಹೇಳುವ ಮಾತು ಅರ್ಧ ಮಾತ್ರ ನಿಜ. ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕುಗಳ ಮೂಲಕ ಮೊದಲ ಮಳೆಗಳು ನೇರವಾಗಿ ಆಳಕ್ಕೆ ಹರಿಯುತ್ತವೆ, ಜೊತೆಗೆ ಬೇಸಿಗೆಯಲ್ಲಿ ಮೇಲ್ಮಣ್ಣಿನಲ್ಲಿ ಸೇರಿದ ನೈಟ್ರೇಟನ್ನೂ ಒಯ್ಯುತ್ತವೆ. ಬಿರುಕು ಮುಚ್ಚಿಕೊಂಡ ಮೇಲೆ, ಜುಲೈ ತಿಂಗಳಲ್ಲಿ ನೀರು ನಿಂತಾಗ, ಗಾಳಿಯಿಲ್ಲದ ಮಣ್ಣಿನಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟಿನ ಆಮ್ಲಜನಕವನ್ನು ಉಸಿರಾಟಕ್ಕೆ ಬಳಸಿ ಸಾರಜನಕವನ್ನು ಅನಿಲವಾಗಿ ಹೊರಬಿಡುತ್ತವೆ. ಅದರ ಒಂದು ಭಾಗ ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಹೆಚ್ಚು ಶಾಖ ಹಿಡಿಯುವ ಅನಿಲ. ಆಳಕ್ಕೆ ಇಳಿದದ್ದು ಬಾವಿಗೆ, ಮೇಲೆ ಹೋದದ್ದು ಆಕಾಶಕ್ಕೆ. ಎರಡಕ್ಕೂ ಹಣ ಕೊಟ್ಟವನು ರೈತ.

ರೈಜೋಬಿಯಂ ಪೊಟ್ಟಣದ ವಿಷಯ. ಸೋಯಾಬೀನ್ ನಮ್ಮ ನೆಲಕ್ಕೆ ಹೊಸ ಬೆಳೆಯಾದ್ದರಿಂದ ಅದಕ್ಕೆ ಒಗ್ಗುವ ಬ್ರಾಡಿರೈಜೋಬಿಯಂ ಜಾತಿಯ ಬ್ಯಾಕ್ಟೀರಿಯಾ ನಮ್ಮ ಮಣ್ಣಿನಲ್ಲಿ ಮೊದಲಿನಿಂದ ಇದ್ದದ್ದಲ್ಲ. ಕಡಲೆಯ, ಹೆಸರಿನ ರೈಜೋಬಿಯಂ ಇದಕ್ಕೆ ಸಲ್ಲುವುದಿಲ್ಲ. ಆದ್ದರಿಂದ ಪೊಟ್ಟಣದ ಮೇಲೆ ಬೆಳೆಯ ಹೆಸರು ಸೋಯಾಬೀನ್ ಎಂದೇ ಇದೆಯೇ ಎಂದು ನೋಡುವುದು ಮೊದಲ ಕೆಲಸ. ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ, ಜೀವಾಣುಗಳ ಸಂಖ್ಯೆ ಇವನ್ನು ನೋಡುವುದು ಎರಡನೆಯದು. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಪುಡಿ ರೂಪದ ಗೊಬ್ಬರದ ಪ್ರತಿ ಗ್ರಾಮಿನಲ್ಲಿ ಕನಿಷ್ಠ 5 ಕೋಟಿ, ದ್ರವರೂಪದ ಪ್ರತಿ ಮಿಲಿಲೀಟರಿನಲ್ಲಿ ಕನಿಷ್ಠ 10 ಕೋಟಿ ಜೀವಕೋಶಗಳಿರಬೇಕು. ಅವು ಜೀವಂತವಾಗಿರಬೇಕು ಎಂಬುದನ್ನು ಮಾರುವವರೇ ಮರೆಯುತ್ತಾರೆ. ಮೊದಲ ವರ್ಷ ನಾನು ಕೊಂಡ ಪೊಟ್ಟಣಗಳು ಅಂಗಡಿಯ ತಗಡಿನ ಚಾವಣಿಯ ಕೆಳಗೆ ಮೇ ತಿಂಗಳ ಬಿಸಿಲನ್ನು ಪೂರ್ತಿ ಉಂಡಿದ್ದವು. ದಿನಾಂಕ ಸರಿಯಿದ್ದರೂ ಬೇರುಗಳಲ್ಲಿ ಗಂಟು ಹೇಳಿಕೊಳ್ಳುವಷ್ಟು ಕಾಣಲಿಲ್ಲ. ಎರಡನೆಯ ವರ್ಷ ಬಿತ್ತನೆಗೆ ಒಂದು ವಾರ ಮೊದಲು ತಯಾರಿಕಾ ಘಟಕದಿಂದ ನೇರವಾಗಿ ತಂದು, ಮನೆಯ ತಂಪಾದ ಕೋಣೆಯಲ್ಲಿ ನೀರಿನ ಮಡಕೆಯ ಪಕ್ಕದಲ್ಲಿಟ್ಟೆ.

ಬಳಸುವ ಕ್ರಮವನ್ನು ಪೊಟ್ಟಣದ ಮೇಲೆ ಬಹಳ ಸಣ್ಣ ಅಕ್ಷರದಲ್ಲಿ ಮುದ್ರಿಸಿದ್ದಾರೆ. ಇದು ಈ ವಸ್ತುವಿನ ದೊಡ್ಡ ಕೊರತೆ, ಏಕೆಂದರೆ ಕ್ರಮ ತಪ್ಪಿದರೆ ಒಳಗಿರುವುದು ಬರಿಯ ಕಪ್ಪು ಪುಡಿ. ಹತ್ತು ಕೆಜಿ ಬೀಜಕ್ಕೆ 200 ಗ್ರಾಮಿನ ಒಂದು ಪೊಟ್ಟಣದಂತೆ ಎಕರೆಗೆ ಬೇಕಾದ 30 ಕೆಜಿ ಬೀಜಕ್ಕೆ ಮೂರು ಪೊಟ್ಟಣ ಬೇಕು. ಶಿಲೀಂಧ್ರನಾಶಕದ ಬೀಜೋಪಚಾರ ಇದ್ದರೆ ಅದು ಮೊದಲು, ಕೀಟನಾಶಕ ನಂತರ, ರೈಜೋಬಿಯಂ ಎಲ್ಲಕ್ಕಿಂತ ಕೊನೆಗೆ. ಬೆಲ್ಲದ ನೀರನ್ನು ಕುದಿಸಿ, ಪೂರ್ತಿ ಆರಿಸಿ, ಅದರಲ್ಲಿ ಪುಡಿ ಕಲಸಿ, ಬೀಜದ ಸಿಪ್ಪೆ ಒಡೆಯದಂತೆ ಕೈಯಿಂದ ಹಗುರವಾಗಿ ಹಚ್ಚಬೇಕು. ಸೋಯಾಬೀನಿನ ಸಿಪ್ಪೆ ಬಹಳ ತೆಳು, ಒರಟಾಗಿ ಉಜ್ಜಿದರೆ ಮೊಳಕೆ ಕಡಿಮೆಯಾಗುತ್ತದೆ. ನೆರಳಿನಲ್ಲಿ ಆರಿಸಿ ಅಂದೇ ಬಿತ್ತಬೇಕು.

ಪರೀಕ್ಷೆಗಾಗಿ ಎರಡನೆಯ ವರ್ಷ ಎರೆಹೊಲದ ಒಂದು ಅಂಚಿನಲ್ಲಿ ಕೆಲವು ಸಾಲುಗಳಿಗೆ ಹಳೆಯ ಪದ್ಧತಿಯಂತೆ ಮೂವತ್ತನೆಯ ದಿನ ಯೂರಿಯಾ ಕೊಟ್ಟೆ. ಉಳಿದದ್ದಕ್ಕೆ ಬಿತ್ತನೆಯ ನಂತರ ಸಾರಜನಕ ಕೊಡಲಿಲ್ಲ. ನಲವತ್ತೈದನೆಯ ದಿನ ಎರಡೂ ಕಡೆಯಿಂದ ಗಿಡಗಳನ್ನು ಕಿತ್ತೆ. ಕೈಯಿಂದ ಎಳೆದರೆ ಗಂಟುಗಳು ಮಣ್ಣಿನಲ್ಲೇ ಉದುರುತ್ತವೆ, ಆದ್ದರಿಂದ ಗುದ್ದಲಿಯಿಂದ ಮಣ್ಣಿನ ಹೆಂಟೆಯ ಸಮೇತ ಎತ್ತಿ ಬಕೆಟ್ಟಿನ ನೀರಿನಲ್ಲಿ ಕರಗಿಸಿ ನೋಡಬೇಕು. ಯೂರಿಯಾ ಬಿದ್ದ ಸಾಲುಗಳ ಗಿಡ ಎತ್ತರವಾಗಿತ್ತು, ಎಲೆ ಕಡುಹಸಿರಾಗಿತ್ತು, ದಾರಿಯಲ್ಲಿ ಹೋಗುವವರು ಹೊಗಳುವಂತಿತ್ತು. ಬೇರಿನಲ್ಲಿ ಮಾತ್ರ ಗಂಟುಗಳು ವಿರಳ, ಒಡೆದರೆ ಒಳಗೆ ಮಾಸಲು ಬಿಳುಪು. ಯೂರಿಯಾ ಇಲ್ಲದ ಸಾಲುಗಳ ತಾಯಿಬೇರಿನ ಮೇಲ್ಭಾಗದಲ್ಲಿ ಗಂಟುಗಳು ಗೊಂಚಲಾಗಿದ್ದವು, ಉಗುರಿನಿಂದ ಸೀಳಿದರೆ ಒಳಗೆ ರಕ್ತದಂಥ ಗುಲಾಬಿ ಬಣ್ಣ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸಂಬಂಧಿಯಾದ ಲೆಗ್‌ಹಿಮೋಗ್ಲೋಬಿನ್ನಿನದು. ಅದು ಕಂಡರೆ ಗಂಟು ಕೆಲಸ ಮಾಡುತ್ತಿದೆ ಎಂದೇ ಅರ್ಥ. ಇಷ್ಟು ವರ್ಷ ಸೋಯಾಬೀನ್ ಬೆಳೆದರೂ ನಾನು ಒಂದು ಗಂಟನ್ನೂ ಒಡೆದು ನೋಡಿರಲಿಲ್ಲ. ಒಕ್ಕಣೆಯಲ್ಲಿ ಸಾಲುಗಳ ಲೆಕ್ಕಕ್ಕೆ ಚೀಲಗಳನ್ನು ಹೋಲಿಸಿದಾಗ ಎರಡರ ನಡುವೆ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ, ಯೂರಿಯಾದ ಹಣ ಉಳಿದಿತ್ತು. ಒಂದು ಹೊಲದ ಒಂದು ವರ್ಷದ ಅನುಭವವನ್ನು ಎಲ್ಲ ಹೊಲಗಳ ಸತ್ಯವೆಂದು ನಾನು ಹೇಳುತ್ತಿಲ್ಲ. ಆದರೆ ಕೆಲವು ಸಾಲುಗಳನ್ನು ಬಿಟ್ಟು ನೋಡುವುದಕ್ಕೆ ಯಾರಿಗೂ ಖರ್ಚಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಜುಲೈನಲ್ಲಿ ಬಿಡದೆ ಮಳೆ ಹಿಡಿದಾಗ ಬೆಳೆ ಹಳದಿಯಾಗುತ್ತದೆ, ಆಗ ಎಲ್ಲರೂ ಯೂರಿಯಾದ ಅಂಗಡಿಗೆ ಓಡುತ್ತಾರೆ. ನಿಂತ ನೀರಿನಲ್ಲಿ ಗಂಟುಗಳಿಗೆ ಗಾಳಿಯಿಲ್ಲದೆ ಅವು ಕೆಲಸ ನಿಲ್ಲಿಸಿರುತ್ತವೆ. ಆ ಸ್ಥಿತಿಯಲ್ಲಿ ಚೆಲ್ಲಿದ ಯೂರಿಯಾ ನೈಟ್ರೇಟ್ ಆದಷ್ಟೂ ಅನಿಲವಾಗಿ ಹೋಗುವ ದಾರಿಯೇ ತೆರೆದಿರುತ್ತದೆ. ಮೊದಲು ನೀರು ಹೊರಹೋಗಬೇಕು. ನಾಲ್ಕು ಅಥವಾ ಆರು ಸಾಲಿಗೊಂದು ಹರಿ (ನೀರು ಹೋಗುವ ಸಣ್ಣ ಕಾಲುವೆ) ಬಿಡುವ ಅಗಲ ಮಡಿಯ ಪದ್ಧತಿಯನ್ನು ಎರೆಭೂಮಿಗೆಂದೇ ಹೈದರಾಬಾದ್ ಬಳಿಯ ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ ರೂಪಿಸಿತು. ಬಾಡಿಗೆಗೆ ಅಂಥ ಕೂರಿಗೆ ಸಿಗದಿದ್ದರೆ ಎಡೆ ಹೊಡೆಯುವಾಗ ಕುಂಟೆಯ ತಾಳಿಗೆ ಹಗ್ಗ ಸುತ್ತಿ ಹರಿ ತೆಗೆದರೂ ನಡೆಯುತ್ತದೆ; ನಾನು ಮಾಡಿದ್ದು ಅದನ್ನೇ. ಇನ್ನೊಂದು ಬಗೆಯ ಹಳದಿಯನ್ನೂ ಬೇರ್ಪಡಿಸಿ ನೋಡಬೇಕು: ಕೆಳಗಿನ ಹಳೆಯ ಎಲೆ ಹಳದಿಯಾದರೆ ಸಾರಜನಕದ ಕೊರತೆ, ತುದಿಯ ಎಳೆಯ ಎಲೆಗಳ ನರ ಹಸಿರಾಗಿ ಉಳಿದು ನಡುಭಾಗ ಹಳದಿಯಾದರೆ ಸುಣ್ಣದ ಎರೆಯಲ್ಲಿ ಬರುವ ಕಬ್ಬಿಣದ ಕೊರತೆ. ಅದಕ್ಕೆ ಯೂರಿಯಾ ಮದ್ದಲ್ಲ. ಸುಣ್ಣದ ಮಣ್ಣಿನಲ್ಲಿ ನೈಟ್ರೇಟ್ ಹೆಚ್ಚಿದ್ದಷ್ಟೂ ಈ ಹಳದಿ ಉಲ್ಬಣಿಸುತ್ತದೆ ಎಂಬುದು ಅಮೆರಿಕದ ಮಿನ್ನೆಸೋಟಾದ ಸೋಯಾಬೀನ್ ಹೊಲಗಳಲ್ಲಿ ಕಂಡುಕೊಂಡ ಸಂಗತಿ. ಶೇಕಡ ಅರ್ಧದಷ್ಟು ಫೆರಸ್ ಸಲ್ಫೇಟ್ ಸಿಂಪಡಿಸಿದರೆ ಹಳದಿಯಾದ ಎಳೆಯ ಎಲೆಗಳು ಹಸಿರಾಗತೊಡಗುತ್ತವೆ.

ನೈಟ್ರೇಟ್ ಪಟ್ಟಿಯ ಬಗ್ಗೆ ಕಡಿಮೆ ಹೇಳಿದರೆ ಸಾಕು. ನೀರಿನಲ್ಲಿ ಅದ್ದಿ ಒಂದು ನಿಮಿಷ ಕಾದರೆ ಗುಲಾಬಿಯಿಂದ ನೇರಳೆಯವರೆಗೆ ಬಣ್ಣ ಬರುತ್ತದೆ, ಡಬ್ಬಿಯ ಮೇಲಿನ ಬಣ್ಣಕ್ಕೆ ಹೋಲಿಸಿ ಅಂಕಿ ಓದಬೇಕು. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ನಿಗದಿ ಮಾಡಿರುವ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್. ಕೆಲವು ಡಬ್ಬಿಗಳು ನೈಟ್ರೇಟಿನಲ್ಲಿ, ಕೆಲವು ನೈಟ್ರೇಟಿನೊಳಗಿನ ಸಾರಜನಕದಲ್ಲಿ ಅಂಕಿ ತೋರಿಸುತ್ತವೆ; ಎರಡನೆಯದಾದರೆ 10 ಎಂದು ಬಂದದ್ದೇ ಮಿತಿಯ ಅಂಚು. ನಾನು ಕೊಂಡ ಡಬ್ಬಿಯಲ್ಲಿ ಇದನ್ನು ಎಲ್ಲೂ ವಿವರಿಸಿರಲಿಲ್ಲ, ಮೊದಲ ಸಲ ತಪ್ಪು ಓದಿ ಬಾವಿಯ ನೀರು ಬಹಳ ಶುದ್ಧವೆಂದು ಸಂತೋಷಪಟ್ಟಿದ್ದೆ. ಸರಿಯಾಗಿ ಓದಿದಾಗ ಹೊಲದ ಕೆಳಗಿನ ಬಾವಿಯ ನೀರು ಮಿತಿಯ ಹತ್ತಿರವಿತ್ತು. ಆರು ತಿಂಗಳೊಳಗಿನ ಕೂಸಿಗೆ ಅಂಥ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಡುವುದು ಅಪಾಯ. ನೀರನ್ನು ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ಇನ್ನಷ್ಟು ಸಾಂದ್ರವಾಗುತ್ತದೆ. ನಿಖರತೆ ಬೇಕಾದವರು ಪ್ರಯೋಗಾಲಯಕ್ಕೇ ಕೊಡಬೇಕು. ಆದರೆ ಜೂನ್, ಆಗಸ್ಟ್, ನವೆಂಬರ್ ಹೀಗೆ ಒಂದೇ ಬಾವಿಯನ್ನು ಮತ್ತೆ ಮತ್ತೆ ನೋಡಿ ಏರಿಳಿತ ತಿಳಿಯುವುದಕ್ಕೆ ಪಟ್ಟಿ ಸಾಕು, ಮತ್ತು ಆ ಮಟ್ಟಿಗೆ ನಾನು ಅದನ್ನು ಶಿಫಾರಸು ಮಾಡುತ್ತೇನೆ.

ಯೂರಿಯಾ ನಿಲ್ಲಿಸಿದರೆ ನೈಟ್ರೇಟ್ ನಷ್ಟವೂ ನಿಂತಿತು ಎಂದು ನಾನು ತಿಳಿದಿದ್ದೆ, ಅದು ತಪ್ಪು. ಸೋಯಾಬೀನಿಗೆ ಸಾರಜನಕವನ್ನೇ ಹಾಕದ ಅಮೆರಿಕದ ಅಯೋವಾ ಪ್ರಾಂತದ ಹೊಲಗಳಿಂದಲೂ ನೆಲದಡಿಯ ಕೊಳವೆಗಳ ಮೂಲಕ ನೈಟ್ರೇಟ್ ಹರಿದು ನದಿ ಸೇರುತ್ತದೆ, ಏಕೆಂದರೆ ಮಣ್ಣಿನ ಸಾವಯವ ಅಂಶವೇ ಕೊಳೆತು ನೈಟ್ರೇಟ್ ಕೊಡುತ್ತಿರುತ್ತದೆ. ನಮ್ಮಲ್ಲಿ ಆ ಅಪಾಯದ ಸಮಯ ಸೋಯಾಬೀನ್ ಕೊಯ್ದ ಮೇಲಿನ ಅಕ್ಟೋಬರ್. ಉದುರಿದ ಎಲೆ ಬೇಗ ಕೊಳೆಯುತ್ತದೆ, ಹಿಂಗಾರಿನ ಮಳೆ ಬರುತ್ತದೆ, ಹೊಲ ಬರಿದಾಗಿದ್ದರೆ ಹೀರುವವರಿರುವುದಿಲ್ಲ. ಹಾಗಾಗಿ ಈ ಸಲ ಕಡಲೆಯ ಬದಲು ಎರಡು ಎಕರೆಗೆ ಬಿಳಿಜೋಳ ಬಿತ್ತಿದ್ದೇನೆ. ಕಡಲೆ ಸ್ವತಃ ಗಂಟು ಕಟ್ಟುವ ಬೆಳೆ, ಉಳಿದ ನೈಟ್ರೇಟನ್ನು ಆಳದಿಂದ ಹೀರಿ ತರುವುದರಲ್ಲಿ ಜೋಳದ ಬೇರಿಗೆ ಸಮವಲ್ಲ. ಕಡಲೆಗೆ ಸಿಗುವ ಧಾರಣೆಯನ್ನು ನೋಡಿದರೆ ಎಲ್ಲರೂ ಹೀಗೆ ಮಾಡಲಾರರು ಎಂಬುದೂ ನನಗೆ ಗೊತ್ತಿದೆ. ಬಿಳಿಜೋಳದ ಆ ಎರಡು ಎಕರೆಯಿಂದಲೂ ಕಡಲೆಯ ಎರಡು ಎಕರೆಯಿಂದಲೂ ಎರಡು ಅಡಿ ಆಳದ ಮಾದರಿಗಳನ್ನು ಸುಗ್ಗಿಯ ನಂತರ ತೆಗೆದು, ಈ ಸಲ ನೈಟ್ರೇಟ್ ಪರೀಕ್ಷೆಗೆಂದೇ ಪ್ರತ್ಯೇಕವಾಗಿ ಹಣ ಕಟ್ಟಿ, ಬುತ್ತಿಯ ಡಬ್ಬಿಯಲ್ಲಿ ಮಂಜುಗಡ್ಡೆ ಇಟ್ಟು ಅಂದೇ ಪ್ರಯೋಗಾಲಯಕ್ಕೆ ಮುಟ್ಟಿಸುವುದೆಂದು ನಿಶ್ಚಯಿಸಿದ್ದೇನೆ.